ಪುಟಾಣಿ ಜೊತೆಗಿದ್ದರೂ ದೊಡ್ಡ ಹೋಟೆಲಿನ ಊಟ!

ಪ್ರವಾಸಕ್ಕೆ ಹೋದಾಗ ಒಂದು ಹೊತ್ತಾದರೂ ಒಳ್ಳೆಯ ಜಾಗದಲ್ಲಿ ಕೂತು ನೆಮ್ಮದಿಯಾಗಿ ಉಣ್ಣುವ ಆಸೆ ಯಾರಿಗಿಲ್ಲ? ಮಗು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಆ ಆಸೆಯನ್ನು ಮಡಚಿ ಪೆಟ್ಟಿಗೆಯಲ್ಲಿಡಬೇಕಿಲ್ಲ. ಸ್ವಲ್ಪ ತಯಾರಿ, ಸ್ವಲ್ಪ ಜಾಣತನ ಇದ್ದರೆ ಸಾಕು.

ರಜೆ ಬಂತು, ಟಿಕೆಟ್ ಬುಕ್ ಆಯಿತು, ಸೂಟ್‌ಕೇಸ್ ತುಂಬಿದ್ದೂ ಆಯಿತು. ಮೈಸೂರೋ, ಮಡಿಕೇರಿಯೋ, ಗೋವಾನೋ ತಲುಪಿದ್ದೂ ಆಯಿತು. ಇಳಿದುಕೊಂಡ ಹೋಟೆಲಿನಲ್ಲೇ ಒಂದು ಚೆಂದದ ರೆಸ್ಟೋರೆಂಟ್. ಮೇಜಿನ ಮೇಲೆ ಗರಿಗರಿ ಬಿಳಿ ಬಟ್ಟೆ, ಹೂವಿನಂತೆ ಮಡಚಿಟ್ಟ ನ್ಯಾಪ್‌ಕಿನ್, ಮಂದ ಬೆಳಕು, ಎಲ್ಲಿಂದಲೋ ತೇಲಿ ಬರುವ ಸಂಗೀತ. "ಇವತ್ತು ರಾತ್ರಿ ಇಲ್ಲೇ ಊಟ ಮಾಡೋಣ್ವಾ?" ಎಂದು ಯಜಮಾನರು ಕೇಳುತ್ತಾರೆ. ನೀವು ಒಮ್ಮೆ ಆ ಮೇಜನ್ನೂ ಇನ್ನೊಮ್ಮೆ ಕಂಕುಳಲ್ಲಿರುವ ಕೂಸನ್ನೂ ನೋಡುತ್ತೀರಿ. "ಬೇಡ ಕಣ್ರೀ, ಇವನನ್ನ ಕಟ್ಟಿಕೊಂಡು ಅಲ್ಲಿಗೆಲ್ಲ ಹೋಗೋಕಾಗುತ್ತಾ? ರೂಮಿಗೇ ಏನಾದ್ರೂ ತರಿಸಿಕೊಳ್ಳೋಣ ಬಿಡಿ" ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು. ಮಂಚದ ತುದಿಯಲ್ಲಿ ಕೂತು ಪೊಟ್ಟಣ ಬಿಚ್ಚಿ ತಿಂದು ಮಲಗುವುದು!

ಬಹಳಷ್ಟು ಮನೆಗಳ ಕಥೆ ಇದೇ. ಗಂಡಸರಿಗೆ ಆಫೀಸಿನ ಪಾರ್ಟಿ, ಕಾನ್ಫರೆನ್ಸ್ ಅಂತ ಇಂಥ ಜಾಗಗಳ ಪರಿಚಯ ಇರುತ್ತದೆ. ದಿನಾ ಬಡಿಸುವ ನಮಗೆ ಬಡಿಸಿಕೊಂಡು ತಿನ್ನುವ ಅವಕಾಶ ಸಿಗುವುದೇ ವರ್ಷಕ್ಕೊಮ್ಮೆ, ಅದೂ ಪ್ರವಾಸದಲ್ಲಿ. ಅದನ್ನೂ ಮಗುವಿನ ಹೆಸರು ಹೇಳಿ ಬಿಟ್ಟುಕೊಟ್ಟರೆ ಹೇಗೆ? ಮಗುವಿಗೂ ಅಷ್ಟೇ, ನಾಲ್ಕು ಜನರ ನಡುವೆ ಕೂತು ಉಣ್ಣುವುದು ಒಂದು ಪಾಠ. ಯಾವತ್ತೂ ಕರೆದುಕೊಂಡು ಹೋಗದಿದ್ದರೆ ಅದು ಕಲಿಯುವುದಾದರೂ ಯಾವಾಗ?

ಕಷ್ಟ ಊಟದ್ದಲ್ಲ, ಕಾಯುವುದರದ್ದು

ಮೊದಲು ಒಂದು ವಿಷಯ ಯೋಚಿಸಿ. ನಮ್ಮ ಮಕ್ಕಳು ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲವೇ? ನೂರಾರು ಜನ, ಗದ್ದಲ, ವಾಲಗ, ಎಲೆಯ ಮೇಲೆ ಹದಿನೆಂಟು ಬಗೆ. ಅಲ್ಲಿ ಮೂರು ವರ್ಷದ ಮಗುವೂ ಅರ್ಧ ಗಂಟೆ ತಣ್ಣಗೆ ಕೂರುತ್ತದೆ. ಅದೇ ಮಗು ಸ್ಟಾರ್ ಹೋಟೆಲಿನಲ್ಲಿ ಹತ್ತೇ ನಿಮಿಷಕ್ಕೆ ರಂಪ ಎಬ್ಬಿಸುತ್ತದೆ. ಯಾಕೆ?

ಕಾರಣ ಸರಳ. ಪಂಕ್ತಿಯಲ್ಲಿ ಕೂತ ಕೂಡಲೇ ಎಲೆಗೆ ಏನಾದರೂ ಬೀಳುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಹಪ್ಪಳ... ಒಂದಾದ ಮೇಲೆ ಒಂದು ಬರುತ್ತಲೇ ಇರುತ್ತದೆ. ಮಗುವಿನ ಕಣ್ಣಿಗೂ ಕೆಲಸ, ಕೈಗೂ ಕೆಲಸ, ಬಾಯಿಗೂ ಕೆಲಸ. ದೊಡ್ಡ ರೆಸ್ಟೋರೆಂಟಿನಲ್ಲಿ ಹಾಗಲ್ಲ. ನೀವು ಹೇಳಿದ ಮೇಲಷ್ಟೇ ಒಲೆ ಮೇಲೆ ಬಾಣಲೆ ಏರುತ್ತದೆ. ಮೊದಲು ಸೂಪು, ಅದು ಮುಗಿದ ಮೇಲೆ ಸ್ಟಾರ್ಟರ್, ಮತ್ತೆ ಒಂದಿಷ್ಟು ಬಿಡುವು, ಆಮೇಲೆ ಮುಖ್ಯ ಊಟ. ದೊಡ್ಡವರಿಗೆ ಆ ಬಿಡುವೇ ಸುಖ, ಹರಟೆ ಹೊಡೆಯಲು ಸಮಯ. ಹಸಿದ ಮಗುವಿಗೆ ಅದೇ ಶಿಕ್ಷೆ.

ಹಾಗಾಗಿ ಗುಟ್ಟು ಇಷ್ಟೇ: ಕಾಯುವ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತನ್ನು ತುಂಬಿಸಿ. ಮುಂದೆ ಹೇಳುವ ಟಿಪ್ಸ್‌ಗಳಲ್ಲಿ ಮುಕ್ಕಾಲು ಪಾಲು ಈ ಒಂದು ಸೂತ್ರದ ಮೇಲೇ ನಿಂತಿವೆ.

ರಾತ್ರಿಯೇ ಯಾಕೆ?

ದೊಡ್ಡ ಊಟ ಅಂದರೆ ರಾತ್ರಿಯೇ ಆಗಬೇಕು ಅಂತ ಯಾರು ಹೇಳಿದರು? ಬಹಳಷ್ಟು ಹೋಟೆಲ್‌ಗಳಲ್ಲಿ ರಾತ್ರಿಯ ಊಟ ಶುರುವಾಗುವುದೇ ಏಳು, ಏಳೂವರೆಗೆ. ಜನ ಸೇರುವುದು ಎಂಟೂವರೆಯ ಮೇಲೆ. ನಮ್ಮ ಪುಟಾಣಿಗಳಿಗೆ ಅದು ತೂಕಡಿಸುವ ಹೊತ್ತು. ಹಸಿವು, ನಿದ್ದೆ ಎರಡೂ ಸೇರಿದರೆ ಯಾವ ಮಗು ತಾನೇ ಸುಮ್ಮನಿದ್ದೀತು?

ಅದಕ್ಕೇ ಮಧ್ಯಾಹ್ನದ ಊಟಕ್ಕೆ ಹೋಗಿ. ಹನ್ನೆರಡೂವರೆಗೆಲ್ಲ ಕೂತುಬಿಟ್ಟರೆ ಹಾಲ್ ಖಾಲಿಯಿರುತ್ತದೆ, ಬಡಿಸುವವರಿಗೂ ಪುರುಸೊತ್ತು ಇರುತ್ತದೆ, ಅಡುಗೆಮನೆಯಿಂದ ತಿಂಡಿ ಬೇಗ ಬರುತ್ತದೆ. ಹಗಲು ಬೆಳಕು, ಕಿಟಕಿಯಾಚೆ ತೋಟವೋ ಈಜುಕೊಳವೋ ಕಾಣುತ್ತಿದ್ದರೆ ಮಗುವಿಗೆ ಅದೇ ಟಿವಿ. ಕೆಲವು ಕಡೆ ಮಧ್ಯಾಹ್ನಕ್ಕೆಂದೇ ಕಡಿಮೆ ಬೆಲೆಯ ಊಟ ಇರುತ್ತದೆ, ಜೇಬಿಗೂ ಹಿತ. ರಾತ್ರಿಯೇ ಬೇಕು ಅನ್ನುವುದಾದರೆ ಬಾಗಿಲು ತೆರೆದ ಕೂಡಲೇ ಮೊದಲ ಗಿರಾಕಿ ನೀವಾಗಿ. ಮಗುವಿಗೆ ಆರೂವರೆಗೇ ಒಂದು ಬಾಳೆಹಣ್ಣೋ ಅರ್ಧ ಚಪಾತಿಯೋ ತಿನ್ನಿಸಿರಿ. ಪೂರ್ತಿ ಹೊಟ್ಟೆ ತುಂಬಿದರೂ ಕಷ್ಟ, ಪೂರ್ತಿ ಖಾಲಿಯಿದ್ದರೂ ಕಷ್ಟ.

ಇನ್ನೊಂದು ಮಾತು. ಊರು ತಲುಪಿದ ದಿನವೇ ಈ ಸಾಹಸ ಬೇಡ. ಎಂಟು ಗಂಟೆ ಕಾರಿನಲ್ಲಿ ಕೂತು ಮೈ ಕೈ ನೋಯಿಸಿಕೊಂಡ ಮಗುವನ್ನು ಮತ್ತೆ ಕುರ್ಚಿಗೆ ಕಟ್ಟಿಹಾಕುವುದು ತಪ್ಪು. ಮೊದಲ ದಿನ ಓಡಾಡಲಿ, ಆಡಲಿ, ನಿದ್ದೆ ಮಾಡಲಿ. ಎರಡನೆಯ ದಿನ ಬೆಳಗ್ಗೆ ತಿಂಡಿಗೆ ಹೋದಾಗ ಆ ರೆಸ್ಟೋರೆಂಟನ್ನು ಒಮ್ಮೆ ತೋರಿಸಿ. "ನಾಳೆ ನಾವಿಲ್ಲಿ ಊಟ ಮಾಡ್ತೀವಿ, ನಿಂಗೊಂದು ಎತ್ತರದ ಕುರ್ಚಿ ಕೊಡ್ತಾರೆ" ಅಂತ ಹೇಳಿ. ನೋಡಿದ ಜಾಗವಾದರೆ ಮಗುವಿಗೆ ಅರ್ಧ ಭಯ ಕಡಿಮೆ.

ಮೊದಲೊಂದು ಫೋನ್ ಮಾಡಿ

ಸಿನಿಮಾಕ್ಕೆ ಹೋಗುವ ಮುಂಚೆ ಟಿಕೆಟ್ ಇದೆಯಾ ಅಂತ ನೋಡುವುದಿಲ್ಲವೇ? ಹಾಗೆಯೇ ಇದು. ಸಂಕೋಚ ಬೇಡ, ಕನ್ನಡದಲ್ಲೇ ಕೇಳಿ. ಹೊರರಾಜ್ಯವಾದರೆ ಬಂದಷ್ಟು ಹಿಂದಿ, ಇಂಗ್ಲಿಷಿನಲ್ಲೇ ಕೇಳಿ. ಕೇಳಬೇಕಾದ್ದು ಇಷ್ಟು:

* ಚಿಕ್ಕ ಮಕ್ಕಳನ್ನು ಒಳಗೆ ಬಿಡುತ್ತೀರಾ? (ಬಾರ್ ಜೊತೆಗಿರುವ ಕೆಲವು ಜಾಗಗಳಲ್ಲಿ ರಾತ್ರಿ ಹೊತ್ತು ಮಕ್ಕಳಿಗೆ ಪ್ರವೇಶವಿಲ್ಲ. ಬಾಗಿಲವರೆಗೆ ಹೋಗಿ ವಾಪಸಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು.)
* ಬೆಲ್ಟ್ ಇರುವ ಹೈಚೇರ್ ಇದೆಯಾ? ಎಷ್ಟಿವೆ? ನಮಗೊಂದು ತೆಗೆದಿಡುತ್ತೀರಾ?
* ಅಡುಗೆ ಎಷ್ಟು ಗಂಟೆಗೆ ಶುರು?
* ಖಾರವಿಲ್ಲದ ಅನ್ನ, ಬೇಳೆ, ಮೊಸರನ್ನ ಮಾಡಿಕೊಡುತ್ತೀರಾ? ಅರ್ಧ ಪ್ಲೇಟ್ ಸಿಗುತ್ತದೆಯೇ?
* ಡಯಾಪರ್ ಬದಲಿಸಲು ಜಾಗ ಇದೆಯಾ?
* ಮೂಲೆಯ ಅಥವಾ ಗೋಡೆ ಪಕ್ಕದ ಮೇಜು ಸಿಗುತ್ತದೆಯೇ?

ಕೊನೆಯ ಪ್ರಶ್ನೆ ಮುಖ್ಯ. ಮೂಲೆಯ ಮೇಜಾದರೆ ಸುತ್ತಮುತ್ತ ಓಡಾಟ ಕಡಿಮೆ, ಬಿಸಿ ತಟ್ಟೆ ಹಿಡಿದು ಬರುವವರಿಗೆ ನಿಮ್ಮ ಮಗು ಅಡ್ಡ ಸಿಗುವುದಿಲ್ಲ. ಎತ್ತರದ ಛಾವಣಿ, ಅಮೃತಶಿಲೆಯ ನೆಲ ಇರುವ ಹಾಲ್‌ಗಳಲ್ಲಂತೂ ನಡುವೆ ಕೂರಲೇಬೇಡಿ. ಮೈಸೂರಿನ ಲಲಿತಮಹಲ್ ಅರಮನೆ 1974ರಲ್ಲಿ ಹೋಟೆಲ್ ಆದಾಗ ಅಲ್ಲಿನ ನೃತ್ಯಶಾಲೆಯೇ ಊಟದ ಹಾಲ್ ಆಯಿತು. ಅಂಥ ಭವ್ಯ ಜಾಗಗಳಲ್ಲಿ ಚಮಚ ಬಿದ್ದರೂ ಸದ್ದು ನಾಲ್ಕು ಪಟ್ಟಾಗಿ ಕೇಳಿಸುತ್ತದೆ. ಇನ್ನು ಮಗುವಿನ ಕೂಗು? ಗಿಡಗಂಟಿಗಳಿರುವ ವರಾಂಡ ಅಥವಾ ಹೊರಗಿನ ಮೇಜು ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ. ಫೋನ್ ಮಾಡಿದಾಗ ಅವರು ಮಾತಾಡುವ ರೀತಿಯಲ್ಲೇ ಆ ಜಾಗ ಮಕ್ಕಳಿಗೆ ಹೇಗೆ ಅಂತ ನಿಮಗೆ ತಿಳಿದುಹೋಗುತ್ತದೆ. "ಎಷ್ಟು ವರ್ಷದ ಮಗು ಮೇಡಂ?" ಅಂತ ಅವರಾಗಿಯೇ ಕೇಳಿದರೆ ಧೈರ್ಯವಾಗಿ ಹೋಗಿ!

ಮನೆಯಲ್ಲೇ ರಿಹರ್ಸಲ್

ಪ್ರವಾಸಕ್ಕೆ ಎರಡು ವಾರ ಇದೆ ಅನ್ನುವಾಗಲೇ ಮನೆಯಲ್ಲಿ 'ಹೋಟೆಲ್ ಆಟ' ಶುರುಮಾಡಿ. ಭಾನುವಾರ ಮಧ್ಯಾಹ್ನ ಟಿವಿ ಆರಿಸಿ, ಮೇಜಿನ ಮೇಲೆ ಬಟ್ಟೆ ಹಾಸಿ, ತೊಡೆಯ ಮೇಲೆ ಕರ್ಚೀಫು ಹಾಸಿಕೊಳ್ಳುವುದನ್ನು ತೋರಿಸಿ. ಅಪ್ಪ ವೇಟರ್, ಮಗಳು ಗಿರಾಕಿ! "ಏನು ಬೇಕು ಮೇಡಂ?" ಅಂತ ಅಪ್ಪ ಬಂದು ಕೇಳಿದರೆ ಮಕ್ಕಳಿಗೆ ಎಲ್ಲಿಲ್ಲದ ಸಂಭ್ರಮ. ಕೇಳಿದ್ದು ಬರುವವರೆಗೆ ಐದು ನಿಮಿಷ ಕಾಯುವುದು, ಬಂದಾಗ ಥ್ಯಾಂಕ್ಸ್ ಹೇಳುವುದು, ಎಲ್ಲರದ್ದೂ ಮುಗಿಯುವವರೆಗೆ ಕೂತಿರುವುದು, ಇವೆಲ್ಲ ಆಟದಲ್ಲೇ ಬಂದುಬಿಡುತ್ತವೆ.

ಇನ್ನು ಚಾಕು, ಫೋರ್ಕಿನ ತಲೆನೋವು. ಅದಕ್ಕೆ ಯಾಕೆ ಅಷ್ಟು ಚಿಂತೆ? ರೊಟ್ಟಿ, ದೋಸೆ, ಅನ್ನ ಕೈಯಲ್ಲಿ ತಿನ್ನುವುದು ನಮ್ಮ ಪದ್ಧತಿ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಎಷ್ಟೇ ದೊಡ್ಡ ಹೋಟೆಲಾದರೂ ಕೇಳಿದರೆ ಬೆರಳು ತೊಳೆಯಲು ಬೆಚ್ಚಗಿನ ನೀರು, ನಿಂಬೆಹೋಳು ಇರುವ ಬಟ್ಟಲು ತಂದಿಡುತ್ತಾರೆ. ಅದು ಕುಡಿಯಲಿಕ್ಕಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ, ಅಷ್ಟೆ! ಮಗು ಕೈಯಲ್ಲೇ ತಿನ್ನಲಿ. ಮನೆಯಿಂದ ಅದರದ್ದೇ ಒಂದು ಪುಟ್ಟ ಸ್ಟೀಲ್ ಚಮಚ, ಲೋಟ ತಂದಿದ್ದರೆ ಇನ್ನೂ ಒಳ್ಳೆಯದು. ಗೊತ್ತಿಲ್ಲದ ಜಾಗದಲ್ಲಿ ಗೊತ್ತಿರುವ ಲೋಟ ಕಂಡರೆ ಮಗುವಿಗೆ ನೆಮ್ಮದಿ.

ಕೂತ ಮೊದಲ ಹತ್ತು ನಿಮಿಷ

ಈ ಹತ್ತು ನಿಮಿಷ ಗೆದ್ದರೆ ಊಟ ಗೆದ್ದಂತೆ. ಕೂರುವ ಮುಂಚೆಯೇ ಮಗುವಿನ ಕೈ ಹಿಡಿದು ಒಂದು ಸುತ್ತು ಹಾಕಿ, ಮೀನಿನ ತೊಟ್ಟಿ, ದೀಪ, ಚಿತ್ರ ಎಲ್ಲ ತೋರಿಸಿ, ಬಾತ್‌ರೂಮ್ ಕೆಲಸ ಮುಗಿಸಿ. ಅಷ್ಟರಲ್ಲಿ ಮನೆಯವರು ಮೇಜಿನ ಬಳಿ ಎರಡು ಕೆಲಸ ಮಾಡಲಿ.

ಒಂದು, ಮಗುವಿನ ಕೈಗೆ ಸಿಗುವ ಜಾಗದಿಂದ ಗಾಜಿನ ಲೋಟ, ಚಾಕು, ಮೇಣದ ಬತ್ತಿ, ಹೂದಾನಿ ಎಲ್ಲವನ್ನೂ ತೆಗೆಸಲಿ. ಮೇಜಿನ ಬಟ್ಟೆಯ ಅಂಚು ಮಗುವಿನ ಮುಂದೆ ನೇತಾಡುತ್ತಿದ್ದರೆ ಒಳಗೆ ಮಡಚಲಿ. ಒಂದು ಸಲ ಎಳೆದರೆ ಸಾಕಲ್ಲ, ಬಿಸಿ ಸೂಪು ತೊಡೆಯ ಮೇಲೇ! ಎರಡು, ಮೆನು ಓದುತ್ತಾ ಕೂರುವ ಮುಂಚೆಯೇ ಮಗುವಿನದ್ದನ್ನು ಆರ್ಡರ್ ಮಾಡಲಿ. "ಮೊದಲು ಮಗುವಿಗೆ ತನ್ನಿ, ನಮ್ಮದು ಆಮೇಲೆ ಹೇಳ್ತೀವಿ" ಅಂದರೆ ಯಾರೂ ಬೇಸರಪಡುವುದಿಲ್ಲ. ಅಲ್ಲಿಯವರೆಗೆ ಹಪ್ಪಳವೋ ಬ್ರೆಡ್ಡೋ ಕೇಳಿ ತರಿಸಿಕೊಳ್ಳಿ. ಪಂಕ್ತಿಯ ಉಪ್ಪಿನಕಾಯಿ, ಕೋಸಂಬರಿಯ ಕೆಲಸವನ್ನು ಇಲ್ಲಿ ಹಪ್ಪಳ ಮಾಡುತ್ತದೆ.

ಆಮೇಲೆ? ಬಣ್ಣದ ಪೆನ್ಸಿಲ್, ಪುಟ್ಟ ಪುಸ್ತಕ, ಸ್ಟಿಕ್ಕರ್, ಸದ್ದು ಮಾಡದ ಆಟಿಕೆ ಬ್ಯಾಗಿನಲ್ಲಿರಲಿ. ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯಬೇಡಿ. ಒಂದು ಬೇಜಾರಾದ ಮೇಲೆ ಇನ್ನೊಂದು. ಮೊಬೈಲ್ ಕೊಟ್ಟುಬಿಟ್ಟರೆ ಸುಲಭ ಅನ್ನಿಸುತ್ತದೆ, ನಿಜ. ಆದರೆ ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕೊಡಲೇಬೇಕಾದ ಸಂದರ್ಭ ಬಂದರೆ ಕೊನೆಯ ಅಸ್ತ್ರವಾಗಿ ಕೊಡಿ, ಸದ್ದು ಪೂರ್ತಿ ಆರಿಸಿ ಕೊಡಿ.

ಬಾಯಿಗೆ ಏನು, ಎಷ್ಟು?

ಹೊಸ ಊರಿನಲ್ಲಿ ಮಗುವಿಗೆ ಪೂರ್ತಿ ಹೊಸ ಊಟ ಬೇಡ. ಗೊತ್ತಿರುವುದು ಒಂದು, ಹೊಸದು ಒಂದು ಅನ್ನುವ ಲೆಕ್ಕ ಇಟ್ಟುಕೊಳ್ಳಿ. ತಟ್ಟೆಯಲ್ಲಿ ಮೊಸರನ್ನ ಇರಲಿ, ಪಕ್ಕದಲ್ಲಿ ನಿಮ್ಮ ತಟ್ಟೆಯಿಂದ ಒಂದು ಚೂರು ಹೊಸ ತಿನಿಸು. ತಿಂದರೆ ಸರಿ, ಬಿಟ್ಟರೆ ಒತ್ತಾಯ ಬೇಡ. ಮೊಸರನ್ನ, ತಿಳಿಸಾರನ್ನ ಮೆನುವಿನಲ್ಲಿ ಇಲ್ಲದಿದ್ದರೂ ಕೇಳಲು ಹಿಂಜರಿಯಬೇಡಿ. ಅನ್ನ, ಮೊಸರು, ಬೇಳೆ ಇಲ್ಲದ ಅಡುಗೆಮನೆ ನಮ್ಮ ದೇಶದಲ್ಲಿ ಎಲ್ಲಿದೆ ಹೇಳಿ!

ಕಳೆದ ಬೇಸಿಗೆಯಲ್ಲಿ ನಾವು ಮಡಿಕೇರಿ ಕಡೆ ಹೋಗಿದ್ದಾಗ ಅಲ್ಲಿನ ರೆಸಾರ್ಟಿನಲ್ಲಿ ಬಡಿಸುವ ಹುಡುಗನೊಬ್ಬ, ನಾವು ಕೇಳುವ ಮುಂಚೆಯೇ ನನ್ನ ನಾಲ್ಕು ವರ್ಷದ ಮಗಳ ಮುಂದೆ ಪುಟ್ಟ ಬಟ್ಟಲಲ್ಲಿ ಬಿಸಿ ಅನ್ನ, ತುಪ್ಪ ತಂದಿಟ್ಟ. "ನಮ್ಮನೇಲೂ ಒಬ್ಳು ಇದಾಳೆ ಅಕ್ಕ, ಇವಳಷ್ಟೇ" ಅಂದ. ಅವಳು ಅದನ್ನು ತಿನ್ನುತ್ತಾ ಕೂತಳು, ನಾವೆಲ್ಲ ನೆಮ್ಮದಿಯಾಗಿ ಮೆನು ಓದಿದೆವು. ಖರ್ಚೆಷ್ಟು? ಒಂದು ಹಿಡಿ ಅನ್ನ. ಒಳ್ಳೆಯ ಹೋಟೆಲ್ ಅಂದರೆ ಇದೇ ಅಲ್ಲವೇ?

ಕೆಲವು ವಿಷಯದಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ.

* ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇಡ. ಎಷ್ಟೋ ಡೆಸರ್ಟ್, ಸಾಸ್‌ಗಳಲ್ಲಿ ಅದು ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಇಷ್ಟು ಚಿಕ್ಕ ಮಕ್ಕಳಿಗೆ ಹೋಟೆಲಿನ ಉಪ್ಪು, ಸಕ್ಕರೆಯೂ ಹೆಚ್ಚೇ. ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಸಪ್ಪೆ ಅನ್ನ ಸಾಕು.
* ಇಡೀ ದ್ರಾಕ್ಷಿ, ಕಡಲೆಬೀಜ, ಗೋಡಂಬಿ, ಪಾಪ್‌ಕಾರ್ನ್ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಉಂಟು. ದ್ರಾಕ್ಷಿಯನ್ನು ಉದ್ದುದ್ದ ಸೀಳಿ ಕೊಡಿ.
* ಸ್ಟಾರ್ಟರ್‌ಗೆ ಚುಚ್ಚಿರುವ ಟೂತ್‌ಪಿಕ್, ಜ್ಯೂಸಿನ ಮೇಲಿನ ಪುಟ್ಟ ಛತ್ರಿಯ ಕಡ್ಡಿ, ಪಲಾವಿನ ಲವಂಗ, ಚಕ್ಕೆ ಎಲ್ಲ ಮೊದಲೇ ತೆಗೆದಿಡಿ.
* ಚೊರ್ ಅನ್ನುತ್ತ ಬರುವ ಸಿಜ್ಲರ್ ಮಗುವಿನಿಂದ ದೂರದ ತುದಿಯಲ್ಲಿರಲಿ.
* ಹೊಗೆಯಾಡುವ ತಿನಿಸು ಬೇಡವೇ ಬೇಡ. ದ್ರವರೂಪದ ಸಾರಜನಕ ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುತ್ತದೆ. 2024ರಲ್ಲಿ ಬೆಂಗಳೂರಿನಲ್ಲಿ ಆರತಕ್ಷತೆಯೊಂದರಲ್ಲಿ ಹೊಗೆ ಬರುವ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಯಲ್ಲಿ ತೂತು ಬಿದ್ದು ಆಪರೇಷನ್ ಮಾಡಬೇಕಾಯಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಹೀಗೆ ಬಡಿಸುವುದಕ್ಕೆ ನಿರ್ಬಂಧವೂ ಬಂತು. ಬೇರೆ ಊರುಗಳಲ್ಲಿ ಎದುರಾದರೆ "ಬೇಡ" ಅನ್ನಿ.

ಮಗುವಿಗೆ ಹಾಲು, ಮೊಟ್ಟೆ, ಕಡಲೆಬೀಜ, ಗೋಧಿ ಒಗ್ಗುವುದಿಲ್ಲವೇ? ಆರ್ಡರ್ ಮಾಡುವಾಗಲೇ ಸ್ಪಷ್ಟವಾಗಿ ಹೇಳಿ. ಕೇಂದ್ರ ಪರವಾನಗಿ ಪಡೆದ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು ಎಂಬ ನಿಯಮ 2022ರಿಂದ ಜಾರಿಯಲ್ಲಿದೆ. ಕೇಳುವುದು ನಿಮ್ಮ ಹಕ್ಕು.

ಮಕ್ಕಳ ಮೆನುವಿನ ಹಿಂದೊಂದು ಕಥೆ

ಮಕ್ಕಳಿಗೆಂದೇ ಬೇರೆ ಮೆನು ಎಲ್ಲಿಂದ ಬಂತು ಗೊತ್ತೇ? ಅಮೆರಿಕದಲ್ಲಿ 1920ರಲ್ಲಿ ಪಾನನಿಷೇಧ ಜಾರಿಗೆ ಬಂತು. ಮದ್ಯದಿಂದ ಬರುತ್ತಿದ್ದ ಆದಾಯ ನಿಂತಾಗ ದೊಡ್ಡ ಹೋಟೆಲ್‌ಗಳ ಕಣ್ಣು ಕುಟುಂಬಗಳ ಮೇಲೆ ಬಿತ್ತು. ನ್ಯೂಯಾರ್ಕಿನ ಹೆಸರಾಂತ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್ 1921ರಲ್ಲಿ ಮಕ್ಕಳ ಮೆನು ಶುರುಮಾಡಿತು. ಅಂದರೆ ಅಲ್ಲಿಯವರೆಗೆ ಬೇಡವಾಗಿದ್ದ ಪುಟಾಣಿಗಳು ಲಾಭದ ಲೆಕ್ಕಾಚಾರದಲ್ಲಿ ಬೇಕಾದರು!

ಜಪಾನಿನ ಕಥೆ ಇನ್ನೂ ಚೆಂದ. 1930ರಲ್ಲಿ ಟೋಕಿಯೋದ ಮಿತ್ಸುಕೋಶಿ ಎಂಬ ದೊಡ್ಡ ಅಂಗಡಿಯ ಊಟದ ಹಾಲ್‌ನಲ್ಲಿ ಮಕ್ಕಳಿಗೆಂದು ಒಂದೇ ತಟ್ಟೆಯಲ್ಲಿ ಹಲವು ಬಗೆಯನ್ನು ಚೂರುಚೂರೇ ಜೋಡಿಸಿ, ಅನ್ನವನ್ನು ಬೆಟ್ಟದಂತೆ ಮಾಡಿ, ಅದರ ತುದಿಗೊಂದು ಪುಟ್ಟ ಬಾವುಟ ಸಿಕ್ಕಿಸಿ ಕೊಟ್ಟರು. 'ಒಕೊಸಾಮ ಲಂಚ್' ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಅಲ್ಲಿ ಜನಪ್ರಿಯ. ದೊಡ್ಡವರು ತಿನ್ನುವುದನ್ನೇ ಪುಟ್ಟದಾಗಿಸಿ, ಮಗುವಿಗೊಂದು ಖುಷಿ ಸೇರಿಸಿ ಕೊಡುವ ಉಪಾಯ ಅದು. ನಮ್ಮಲ್ಲಿ ಮಕ್ಕಳ ಮೆನು ಅಂದರೆ ಬಹುಪಾಲು ಫ್ರೆಂಚ್ ಫ್ರೈಸ್, ನಗೆಟ್ಸ್, ನೂಡಲ್ಸ್. ಅದರ ಬದಲು ದೊಡ್ಡವರ ಮೆನುವಿನಿಂದಲೇ ಅರ್ಧ ಪ್ಲೇಟ್, ಖಾರ ಕಡಿಮೆ ಮಾಡಿ ಕೇಳಿ ನೋಡಿ. ಮಗುವಿನ ನಾಲಿಗೆಗೂ ಹೊಸ ರುಚಿ, ಹೊಟ್ಟೆಗೂ ಒಳ್ಳೆಯದು.

ನಿಮ್ಮ ತಟ್ಟೆ ಬಿಸಿಯಾಗಿರಲಿ

ಈಗ ಮುಖ್ಯ ವಿಷಯ. ಮಗು ಉಂಡಿತು, ಯಜಮಾನರು ಉಂಡರು, ಅತ್ತೆ ಮಾವನೂ ಉಂಡರು. ನೀವು? ಮಗುವಿಗೆ ತುತ್ತು ಕೊಡುತ್ತಾ, ಬಾಯಿ ಒರೆಸುತ್ತಾ, ಬಿದ್ದ ಚಮಚ ಹೆಕ್ಕುತ್ತಾ ಕೊನೆಗೆ ತಣ್ಣಗಾದ ಊಟವನ್ನು ಐದು ನಿಮಿಷದಲ್ಲಿ ನುಂಗಿ ಎದ್ದಿರಿ. ಮನೆಯಲ್ಲೂ ಅದೇ, ಸಾವಿರಾರು ರೂಪಾಯಿ ಕೊಟ್ಟ ಮೇಜಿನಲ್ಲೂ ಅದೇ! ಹಾಗಾದರೆ ಮೊಸರನ್ನ ಕಲಸಿಕೊಂಡು ರೂಮಿನಲ್ಲೇ ಇರಬಹುದಿತ್ತಲ್ಲ?

ಹಾಗಾಗಿ ಹೊರಡುವ ಮುಂಚೆಯೇ ಪಾಳಿ ಮಾತಾಡಿಕೊಳ್ಳಿ. ಊಟ ಹಂತ ಹಂತವಾಗಿ ಬರುತ್ತದಲ್ಲ, ಅದನ್ನೇ ಅನುಕೂಲ ಮಾಡಿಕೊಳ್ಳಿ. ಸೂಪು, ಸ್ಟಾರ್ಟರ್ ಹೊತ್ತಿಗೆ ಮಗುವಿನ ಪಾಳಿ ನಿಮ್ಮದು, ಮುಖ್ಯ ಊಟ ಬಂದಾಗ ಅವರದ್ದು. ಆ ಹೊತ್ತಿನಲ್ಲಿ ಮಗು ಅತ್ತರೆ ಅಪ್ಪನೇ ಎತ್ತಿಕೊಂಡು ತೋಟಕ್ಕೆ ಹೋಗಬೇಕು. ನೀವು ಏಳಬಾರದು, ಎಷ್ಟೇ ಮನಸ್ಸಾದರೂ! ಅಜ್ಜಿ ತಾತ ಜೊತೆಗಿದ್ದರೆ ಐಸ್‌ಕ್ರೀಮಿನ ಹೊತ್ತು ಅವರಿಗಿರಲಿ, ಮೊಮ್ಮಕ್ಕಳ ಜೊತೆ ಐಸ್‌ಕ್ರೀಮ್ ತಿನ್ನಲು ಯಾವ ಅಜ್ಜಿಗೆ ಬೇಡ? "ಅವರಿಗೆ ಅಭ್ಯಾಸವಿಲ್ಲ, ಮಗು ಅವರ ಹತ್ರ ಇರಲ್ಲ" ಎಂದು ನಾವೇ ಹೇಳಿಬಿಡುತ್ತೇವೆ. ಅಭ್ಯಾಸ ಆಗುವುದು ಮಾಡಿದಾಗ ತಾನೇ?

ಎದೆಹಾಲು ಕುಡಿಯುವ ಕೂಸು ಇದ್ದರೂ ಹೆದರಬೇಡಿ. ಗೋಡೆ ಕಡೆ ಮುಖ ಇರುವ ಕುರ್ಚಿ ಕೇಳಿ, ಸೆರಗೋ ದುಪ್ಪಟ್ಟಾವೋ ಹೊದ್ದು ಅಲ್ಲೇ ಕುಡಿಸಿ. ಹಾಲು ಕುಡಿಸಲು ಬಾತ್‌ರೂಮಿಗೆ ಹೋಗಬೇಕಾಗಿಲ್ಲ. ನಾವು ಬಾತ್‌ರೂಮಿನಲ್ಲಿ ಊಟ ಮಾಡುತ್ತೇವೆಯೇ? ಮತ್ತೆ ಕೂಸಿಗೆ ಮಾತ್ರ ಯಾಕೆ?

ಅತ್ತುಬಿಟ್ಟರೆ?

ಏನೇ ತಯಾರಿ ಮಾಡಿದರೂ ಕೆಲವು ಸಲ ಮಗು ಅಳುತ್ತದೆ. ಅಳಲಿ ಬಿಡಿ, ಅದು ಮಗು! ಆದರೆ ಪಕ್ಕದ ಮೇಜಿನವರೂ ದುಡ್ಡು ಕೊಟ್ಟು ನೆಮ್ಮದಿ ಹುಡುಕಿ ಬಂದಿರುತ್ತಾರೆ. ಎರಡು ನಿಮಿಷ ಸಮಾಧಾನ ಮಾಡಿ, ನಿಲ್ಲದಿದ್ದರೆ ಪಾಳಿಯಲ್ಲಿರುವವರು ಎತ್ತಿಕೊಂಡು ಹೊರಗೆ ಹೋಗಿ. ಅಲ್ಲೇ ಗದರಿಸುವುದು, ಚಿವುಟುವುದು ಬೇಡ. ಅಳು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮೇಜುಗಳ ನಡುವೆ ಓಡುವುದಕ್ಕೆ ಮಾತ್ರ ಖಂಡಿತ ಬಿಡಬೇಡಿ. ಬಿಸಿ ಸಾರು ಹಿಡಿದು ಬರುವ ವೇಟರ್‌ಗೆ ಕಾಲ ಬಳಿ ಇರುವ ಮಗು ಕಾಣುವುದಿಲ್ಲ.

ಮೇಜಿನ ಕೆಳಗೆ ಅನ್ನ ಚೆಲ್ಲಿದ್ದರೆ ದೊಡ್ಡ ಅಗುಳನ್ನು ಟಿಶ್ಯೂವಿನಲ್ಲಿ ಒಟ್ಟುಮಾಡಿಟ್ಟು, "ಸ್ವಲ್ಪ ಚೆಲ್ಲಿದೆ, ಕ್ಷಮಿಸಿ" ಅನ್ನಿ. ಆ ಒಂದು ಮಾತಿಗೆ ಬಹಳ ಬೆಲೆಯಿದೆ. ಮುಂದೆ ಬರುವ ಇನ್ನೊಬ್ಬ ತಾಯಿಗೆ ಅಲ್ಲಿ ನಗುಮುಖದ ಸ್ವಾಗತ ಸಿಗುವುದು ಇಂಥದ್ದರಿಂದಲೇ.

ಬಿಲ್ ಬಂದಾಗ

ಮಗು ಸಾಕು ಅನ್ನುವ ಮುಂಚೆಯೇ, ಅಂದರೆ ಡೆಸರ್ಟ್ ಹೇಳುವಾಗಲೇ ಬಿಲ್ ಕೂಡ ಕೇಳಿಬಿಡಿ. ಕೊನೆಯ ಆ ಹದಿನೈದು ನಿಮಿಷದ ಕಾಯುವಿಕೆಯೇ ಎಷ್ಟೋ ಸಲ ಒಳ್ಳೆಯ ಊಟವನ್ನು ಹಾಳುಮಾಡುತ್ತದೆ. ಹೊರಗಿನ ರೆಸ್ಟೋರೆಂಟ್‌ಗಳಲ್ಲಿ ಸಾಮಾನ್ಯವಾಗಿ 5% ಜಿಎಸ್‌ಟಿ. ಆದರೆ ದಿನದ ಬಾಡಿಗೆ 7500 ರೂಪಾಯಿ ದಾಟುವ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಅದು 18%. ಮೆನುವಿನ ಬೆಲೆ ನೋಡುವಾಗಲೇ ಇದನ್ನು ಸೇರಿಸಿ ಲೆಕ್ಕ ಹಾಕಿ.

ಸೇವಾ ಶುಲ್ಕದ ವಿಷಯವೂ ತಿಳಿದಿರಲಿ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಸಿ, ಕೇಳದಿದ್ದರೆ 1915ಕ್ಕೆ ಕರೆ ಮಾಡಿ. ಆದರೆ ನಿಮ್ಮ ಮಗುವಿಗಾಗಿ ನಾಲ್ಕು ಸಲ ಓಡಾಡಿದ, ಬಿಸಿನೀರು ತಂದುಕೊಟ್ಟ ಹುಡುಗನ ಕೈಗೆ ನೀವಾಗಿಯೇ ಏನಾದರೂ ಇಡಿ. ಅದು ಮನಸ್ಸಿನ ಮಾತು.

ಹೋಟೆಲಿನವರಿಗೊಂದು ಮಾತು

ಎಲ್ಲವನ್ನೂ ತಾಯಂದಿರೇ ಮಾಡಬೇಕೇ? ಹೋಟೆಲಿನವರೂ ಒಂದು ಹೆಜ್ಜೆ ಮುಂದೆ ಬರಬಹುದಲ್ಲ. ದೊಡ್ಡ ಖರ್ಚೇನೂ ಬೇಡ. ಬೆಲ್ಟ್ ಇರುವ, ತೊಳೆದಿಟ್ಟ ಎರಡು ಹೈಚೇರ್. ಒಡೆಯದ ತಟ್ಟೆ, ಲೋಟ. ಕೂತ ಐದು ನಿಮಿಷದಲ್ಲಿ ಮಗುವಿನ ಮುಂದೆ ಏನಾದರೊಂದು. ಎಲ್ಲ ಅಡುಗೆಗೂ ಅರ್ಧ ಪ್ಲೇಟ್. ಡಯಾಪರ್ ಬದಲಿಸುವ ಹಲಗೆ ಹೆಂಗಸರ ಬಾತ್‌ರೂಮಿನಲ್ಲಿ ಮಾತ್ರವಲ್ಲ, ಗಂಡಸರ ಕಡೆಯೂ. ಇಲ್ಲದಿದ್ದರೆ ಪಾಳಿ ಹಂಚಿಕೊಳ್ಳುವುದು ಹೇಗೆ ಸ್ವಾಮಿ? ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲಲ್ಲಿ ಮಗುವನ್ನು ಕಂಡಾಗ ಹುಬ್ಬು ಗಂಟಿಕ್ಕದ ಒಂದು ಮುಖ.

ನಮ್ಮ ಕೆಲಸವೇನೆಂದರೆ ಇದನ್ನು ಬಾಯಿಬಿಟ್ಟು ಹೇಳುವುದು. ಹೊರಡುವಾಗ ಅಭಿಪ್ರಾಯ ಬರೆಯುವ ಕಾರ್ಡ್ ಕೊಡುತ್ತಾರಲ್ಲ, ಸುಮ್ಮನೆ 'ಚೆನ್ನಾಗಿತ್ತು' ಅಂತ ಗೀಚಬೇಡಿ. ಏನಿತ್ತು, ಏನಿರಲಿಲ್ಲ ಅಂತ ಬರೆಯಿರಿ. ಹತ್ತು ಜನ ಹೈಚೇರ್ ಕೇಳಿದರೆ ಹನ್ನೊಂದನೆಯವರಿಗೆ ಅದು ಸಿಕ್ಕೀತು.

ಬ್ಯಾಗಿನಲ್ಲಿ ಇವಿಷ್ಟಿರಲಿ

* ಮಗುವಿನದ್ದೇ ಚಮಚ, ಲೋಟ, ಎದೆಗೆ ಕಟ್ಟುವ ಬಟ್ಟೆ
* ಒದ್ದೆ ಟಿಶ್ಯೂ, ಎರಡು ಡಯಾಪರ್, ಒಂದು ಜೊತೆ ಬಟ್ಟೆ (ನಿಮಗೂ ಒಂದು ದುಪ್ಪಟ್ಟಾ!)
* ಕುದಿಸಿ ಆರಿಸಿದ ನೀರು
* ಬಾಳೆಹಣ್ಣು ಅಥವಾ ಮಂಡಕ್ಕಿ, ಕಾಯುವ ಹೊತ್ತಿಗೆ
* ನಾಲ್ಕು ಬಣ್ಣದ ಪೆನ್ಸಿಲ್, ಪುಟ್ಟ ಪುಸ್ತಕ
* ತೆಳುವಾದ ಶಾಲು. ಎಸಿ ಹಾಲ್‌ಗಳಲ್ಲಿ ಮಕ್ಕಳಿಗೆ ಬೇಗ ಚಳಿಯಾಗುತ್ತದೆ

ಮೊದಲ ಸಲ ಎಲ್ಲವೂ ಸುಸೂತ್ರವಾಗಿ ನಡೆಯದಿರಬಹುದು. ಮುಕ್ಕಾಲು ಗಂಟೆಗೇ ಎದ್ದು ಬರಬೇಕಾಗಬಹುದು. ಬರಲಿ ಬಿಡಿ, ಮುಂದಿನ ಸಲ ಒಂದು ಗಂಟೆಯಾಗುತ್ತದೆ. ಅಜ್ಜಿಮನೆಯ ಪಂಕ್ತಿಯಲ್ಲಿ ಕೂರುವುದನ್ನು ನಮ್ಮ ಮಕ್ಕಳು ಹೇಗೆ ಕಲಿತರೋ ಇದನ್ನೂ ಹಾಗೆಯೇ ಕಲಿಯುತ್ತಾರೆ, ಕೂತು ಕೂತು! ಈ ರಜೆಯ ಪ್ರವಾಸದ ಪಟ್ಟಿಯಲ್ಲಿ ಜಲಪಾತ, ಅರಮನೆ, ದೇವಸ್ಥಾನದ ಕೆಳಗೆ ಇನ್ನೊಂದು ಸಾಲು ಸೇರಿಸಿ: 'ಎಲ್ಲರೂ ಕೂತು ಒಂದು ಒಳ್ಳೆಯ ಊಟ.' ಪಾಳಿಯ ವಿಷಯ ಮಾತ್ರ ಯಜಮಾನರಿಗೆ ಇವತ್ತೇ ಹೇಳಿಡಿ.